ಸೋಡಾ ನೀರಿನಲ್ಲಿ ಕೈ ತೊಳೆಯುತ್ತಿದ್ದ ಜಗನ್ನಾಥಣ್ಣ

ಜಗನ್ನಾಥಣ್ಣನ ಮೈಮೇಲೆ ತೂತಿಲ್ಲದ ಅಂಗಿಯನ್ನು ನಾನು ಒಮ್ಮೆಯೂ ನೋಡಲಿಲ್ಲ. ಹೊಟ್ಟೆಯ ಹತ್ತಿರ, ತೋಳಿನ ಮಡಿಕೆಯಲ್ಲಿ, ಜೇಬಿನ ಅಂಚಿನಲ್ಲಿ, ಸಾಸಿವೆಯಷ್ಟರಿಂದ ಕಡಲೆಕಾಳಿನಷ್ಟರವರೆಗಿನ ತೂತುಗಳು. ಬ್ಯಾಟರಿಯ ಆಸಿಡ್ ಹಾರಿ ಆದವು. ಆದರೆ ನನ್ನ ಪಾಠದ ಪುಸ್ತಕ ಮುಟ್ಟುವ ಮೊದಲು ಅವರು ಕೈ ತೊಳೆಯುವುದನ್ನು ನೋಡಬೇಕಿತ್ತು. ಬಕೆಟ್ಟಿಗೆ ಒಂದು ಹಿಡಿ ಸೋಡಾ ಪುಡಿ ಹಾಕಿ, ಅದರಲ್ಲಿ ಮೊಣಕೈವರೆಗೆ ಅದ್ದಿ, ಬುಸುಬುಸು ನೊರೆ ನಿಲ್ಲುವವರೆಗೆ ಕಾದು, ಆಮೇಲೆ ಸಾಬೂನು, ಆಮೇಲೆ ಒಳ್ಳೆಯ ನೀರು, ಆಮೇಲೆ ಬಿಳಿ ಬಟ್ಟೆ. ನಮ್ಮ ಇಗರ್ಜಿಯ ಫಾದರ್ ಬಲಿಪೂಜೆಗೆ ಮುಂಚೆ ಕೈ ತೊಳೆಯುವಾಗಲೂ ಇಷ್ಟು ಹೊತ್ತು ತೆಗೆದುಕೊಳ್ಳುತ್ತಿರಲಿಲ್ಲ. ದೇವರು ಕ್ಷಮಿಸಲಿ, ಇದ್ದದ್ದನ್ನು ಹೇಳಿದೆ.

ಅವರ ಬ್ಯಾಟರಿ ರಿಪೇರಿಯ ಅಂಗಡಿ ಇದ್ದದ್ದು ಮಸ್ಕತ್ತಿನ ವಾದಿ ಕಬೀರಿನಲ್ಲಿ, ನಮ್ಮ ಫ್ಲ್ಯಾಟಿನ ಕೆಳಗಿನ ಗ್ಯಾರೇಜುಗಳ ಸಾಲಿನಲ್ಲಿ. ಅಂಗಡಿ ಅವರದ್ದಲ್ಲ, ಅರಬಾಬ್, ಅಂದರೆ ಧಣಿ, ಎಂದು ಎಲ್ಲರೂ ಕರೆಯುತ್ತಿದ್ದ ಒಬ್ಬ ಒಮಾನಿ ಹಿರಿಯರದು. ಕೆಲಸ ಪೂರ್ತಿ ಜಗನ್ನಾಥಣ್ಣನದು. ಕಾಪು ಕಡೆಯವರು, ಮನೆಮಾತು ತುಳು. ನಮ್ಮದು ಕೊಂಕಣಿ. ಹಾಗಾಗಿ ನಮ್ಮ ನಡುವೆ ಕನ್ನಡ. ನನ್ನನ್ನು ಅವರು ಸಿಸಿಲಿ ಬಾಯಮ್ಮ ಎಂದೇ ಕರೆಯುತ್ತಿದ್ದರು. ಐವತ್ತು ದಾಟಿದ ಮನುಷ್ಯ ನನ್ನಂಥ ಮೂವತ್ತೈದರವಳನ್ನು ಒಮ್ಮೆಯೂ ಏಕವಚನದಲ್ಲಿ ಕರೆಯಲಿಲ್ಲ.

ನಾನು ಓದುತ್ತಿದ್ದುದರ ಕಥೆ ಹೀಗೆ. ನನ್ನ ಅಕ್ಕ ಹಿಲ್ಡಾ ಅಮೆರಿಕದಲ್ಲಿ ನರ್ಸ್. ನಾವು ಮಸ್ಕತ್ತಿಗೆ ಬಂದ ಎರಡನೇ ವರ್ಷ ಅವಳು ನಮಗಾಗಿ ವೀಸಾದ ಕಾಗದ ಹಾಕಿ ಬರೆದಳು: "ಸರದಿ ಬರಲಿಕ್ಕೆ ಹತ್ತು ವರ್ಷ ಬೇಕು. ಅಷ್ಟರವರೆಗೆ ಸುಮ್ಮನೆ ಕೂತುಕೊಳ್ಳಬೇಡ. ಇಲ್ಲಿ ನರ್ಸಿಂಗ್ ಶಾಲೆಗೆ ಅರ್ಜಿ ಹಾಕಬೇಕಾದರೇ ಮೊದಲು ಆರು ವಿಷಯ ಪಾಸಾಗಿರಬೇಕು. ಅಂಚೆಯಲ್ಲಿ ಕಲಿಯಬಹುದು." ಇಂಗ್ಲಿಷ್, ಮನಃಶಾಸ್ತ್ರ, ಲೆಕ್ಕ, ದೇಹರಚನೆ, ಸೂಕ್ಷ್ಮಜೀವಿಗಳು, ರಸಾಯನಶಾಸ್ತ್ರ. ಒಂದು ಷರತ್ತೂ ಇತ್ತು. ಒಂದೊಂದು ವಿಷಯವೂ ಪಾಸಾದ ದಿನದಿಂದ ಏಳು ವರ್ಷ ಮಾತ್ರ ನಡೆಯುತ್ತದೆ. ಅಷ್ಟರೊಳಗೆ ಆರೂ ಮುಗಿದು ಶಾಲೆಯವರು ಅರ್ಜಿ ಒಪ್ಪದಿದ್ದರೆ ಮೊದಲಿನದ್ದು ಹೋಯಿತು, ಪುನಃ ಬರೆಯಬೇಕು.

ಪಿಯುಸಿಯಲ್ಲಿ ಆರ್ಟ್ಸ್ ಓದಿದವಳು ನಾನು. ಗಂಡ ವಾಲ್ಟರ್ ಕೆಲಸಕ್ಕೆ, ಮಗಳು ಶಾಲೆಗೆ ಹೋದ ಮೇಲೆ ಅಡುಗೆಮನೆಯ ಮೇಜಿನಲ್ಲಿ ಕೂತು ಐದು ವಿಷಯ ಒಂದೊಂದಾಗಿ ಮುಗಿಸಿದೆ. ಐದು ವರ್ಷ ಹಿಡಿಯಿತು. ಆ ಮನೆಯಲ್ಲಿ ಏಸಿ ಕೆಟ್ಟದ್ದು ಎರಡೇ ಸಲ, ಅದೂ ಪರೀಕ್ಷೆ ಇಲ್ಲದಾಗ. ಅದಕ್ಕೆ ದೇವರಿಗೆ ಸ್ತೋತ್ರ. ರಸಾಯನಶಾಸ್ತ್ರ ಮಾತ್ರ ಎರಡು ಸಲ ಫೇಲು.

ಎರಡನೇ ಸಲ ಫೇಲಾದ ವಾರವೇ ನಮ್ಮ ಕಾರಿನ ಬ್ಯಾಟರಿ ಸತ್ತಿತು, ಜಗನ್ನಾಥಣ್ಣನ ಅಂಗಡಿಗೆ ತಂದೆವು. ವಾಲ್ಟರ್ ಬಿಸ್ಕೆಟು ತರಲು ಎದುರಿನ ಅಂಗಡಿಗೆ ಹೋಗಿದ್ದರು. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತು ಪುಸ್ತಕ ಬಿಡಿಸಿದ್ದೆ.

"ಬಾಯಮ್ಮ," ಬ್ಯಾಟರಿಯ ಹಿಂದಿನಿಂದ ಧ್ವನಿ ಬಂತು. "ಇಪ್ಪತ್ತು ನಿಮಿಷದಿಂದ ಅದೇ ಪುಟ ನೋಡ್ತಾ ಇದ್ದೀರಿ. ಅದೆಂತ, ಮದುವೆ ಫೋಟೋವಾ?"

ನನಗೆ ಸಿಟ್ಟು ಬಂತು. "ನಿಮಗೆ ಗೊತ್ತಾಗುವಂಥದ್ದಲ್ಲ," ಎಂದೆ.

ಅವರು ಎದ್ದುಹೋಗಿ ಕೈ ತೊಳೆದರು. ಸೋಡಾ, ಸಾಬೂನು, ನೀರು, ಬಿಳಿ ಬಟ್ಟೆ. ಬಂದು ಪುಸ್ತಕ ತೆಗೆದುಕೊಂಡು ಒಂದು ಗಳಿಗೆ ಓದಿದರು. "ಈಗ ನಾನು ಬಕೆಟ್ಟಿನಲ್ಲಿ ಮಾಡಿದ್ದೇ ಇಲ್ಲಿ ಬರ್ದದ್ದು. ಆಸಿಡ್ ಒಂದು ಕಡೆ, ಸೋಡಾ ಒಂದು ಕಡೆ. ನೊರೆ ಬಂತಲ್ಲ, ಅದೇ ಉತ್ತರ." ಉಡುಪಿಯಲ್ಲಿ ಬಿ.ಎಸ್ಸಿ. ಎರಡು ವರ್ಷ ಓದಿ, ತಂದೆ ತೀರಿಕೊಂಡ ಮೇಲೆ ಬಿಟ್ಟವರು ಅವರು ಎಂದು ಗೊತ್ತಾದದ್ದು ಆ ದಿನವೇ.

ಪಾಠ ಶುರುವಾಯಿತು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಮಸ್ಕತ್ತಿನ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಮೂರರಿಂದ ನಾಲ್ಕು ನಮ್ಮ ಹೊತ್ತು. ಶಟರ್ ಪೂರ್ತಿ ಎತ್ತಿಟ್ಟು, ರಸ್ತೆಗೆ ಕಾಣುವಂತೆ ಮೇಜು ಹಾಕುತ್ತಿದ್ದರು. "ಮುಚ್ಚಿದ ಕಡೆ ನಿಮ್ಮನ್ನು ಕೂರಿಸ್ಲಿಕ್ಕಿಲ್ಲ, ಬಾಯಮ್ಮ. ಬಿಸಿ ಆದ್ರೆ ಆಗ್ಲಿ." ತನ್ನ ಒಂದು ಗಂಟೆಯ ನಿದ್ದೆ ಬಿಟ್ಟು ಆ ಬಿಸಿಯಲ್ಲಿ ಕೂರುತ್ತಿದ್ದರು. ಅದು ನನಗೆ ಹೊಳೆದದ್ದು ಎಷ್ಟೋ ಕಾಲದ ಮೇಲೆ.

ಖರ್ಜೂರದ ಬೀಜ ಆಮ್ಲಜನಕ, ಕಡಲೆಕಾಳು ಜಲಜನಕ, ಕಬ್ಬಿಣದ ನಟ್ಟು ಗಂಧಕ. ಮೇಜಿನ ನಡುವೆ ಸೀಮೆಸುಣ್ಣದ ಗೆರೆ. "ಈಚೆ ಎಷ್ಟು ಬೀಜವೋ ಆಚೆಯೂ ಅಷ್ಟೇ ಇರ್ಬೇಕು. ಒಂದು ಬೀಜ ಕೂಡ ಎಲ್ಲಿಗೂ ಹೋಗುದಿಲ್ಲ, ಜಾಗ ಬದಲಿಸ್ತದೆ ಅಷ್ಟೇ." ನಾನು ತಪ್ಪಿದರೆ ಒಂದು ಕಡಲೆಕಾಳು ಬಾಯಿಗೆ ಹಾಕಿಕೊಂಡು, "ನೋಡಿ, ನಿಮ್ಮ ಜಲಜನಕ ನನ್ನ ಹೊಟ್ಟೆಯಲ್ಲುಂಟು, ಹುಡುಕಿ," ಎನ್ನುತ್ತಿದ್ದರು. ನನ್ನ ಅಡುಗೆಮನೆಯ ಅರಸಿನ ಹಚ್ಚಿದ ಕಾಗದದ ಮೇಲೆ ಸೋಡಾ ನೀರು ಬಿಟ್ಟು ಕೆಂಪು ಮಾಡಿಸಿದರು, ಮೇಲೆ ಒಂದು ಹನಿ ಆಸಿಡ್ ಬಿಟ್ಟು ಮತ್ತೆ ಹಳದಿ ಮಾಡಿಸಿದರು. ಆಸಿಡನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಆಸಿಡಿಗೆ ಹಾಕಬಾರದು ಎಂದು ದಿನಕ್ಕೊಮ್ಮೆ ಹೇಳುವರು. "ಜೋರು ಇದ್ದವರು ಮೆಲ್ಲ ಇಳೀಬೇಕು. ಇಲ್ಲದಿದ್ರೆ ಮುಖಕ್ಕೆ ಹಾರ್ತದೆ." ಹೀಗೆ ಆ ವಿಷಯಕ್ಕೆ ಬೇಕಾದ ಹನ್ನೆರಡು ಪ್ರಯೋಗಗಳನ್ನು ಅವರ ಮುಂದೆ ನನ್ನ ಕೈಯಿಂದಲೇ ಮಾಡಿದೆ.

ಮೂರನೇ ಸಲ ಪಾಸಾದೆ. ನೂರಕ್ಕೆ ಎಂಬತ್ತೊಂದು. ಮೆಟ್ಟಿಲಿಳಿದು ಓಡಿಹೋಗಿ ಹೇಳಿದಾಗ ಅವರು ಒದ್ದೆ ಕೈ ಎತ್ತಿ ಹಿಡಿದು, "ಉಳಿದ ಹತ್ತೊಂಬತ್ತು ಎಲ್ಲಿ ಬಿಟ್ರಿ, ಬಾಯಮ್ಮ?" ಎಂದರು. ಕಣ್ಣಲ್ಲಿ ನೀರಿತ್ತು. ಆಸಿಡಿನ ಹೊಗೆಗೆ ಇರಬೇಕು ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಸುಲಭವಾಗಿತ್ತು.

ಇನ್ನು ನನ್ನ ವಿಷಯ.

ಬುಧವಾರ ಸಂಜೆ ನಾವು ಹೆಂಗಸರು ಒಂದೊಂದು ವಾರ ಒಬ್ಬೊಬ್ಬರ ಮನೆಯಲ್ಲಿ ಜಪಮಾಲೆ ಹೇಳಲು ಸೇರುತ್ತಿದ್ದೆವು. ನಮ್ಮ ಗುಂಪಿಗೆ ಐರಿನ್ ಬಾಯಿ ಹಿರಿಯರು. ಗಂಡ ದೊಡ್ಡ ಕಂಪನಿಯಲ್ಲಿ ಅಧಿಕಾರಿ, ಮನೆಯಲ್ಲಿ ರತ್ನಗಂಬಳಿ. ಪಾಸಾದ ಸುದ್ದಿ ಹೇಳಿದ ದಿನ ಅವರು ಚಹಾದ ಕಪ್ಪು ಕೆಳಗಿಟ್ಟು ಕೊಂಕಣಿಯಲ್ಲಿ ಕೇಳಿದರು: "ಹೌದಾ ಸಿಸಿಲಿ, ನರ್ಸ್ ಆಗಲಿಕ್ಕೆ ಗ್ಯಾರೇಜಿನಲ್ಲಿ ಪಾಠವಂತೆ? ಅಮೆರಿಕದಲ್ಲಿ ಪೇಷಂಟಿಗೆ ಬ್ಯಾಟರಿ ಹಾಕುವುದಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. "ಇಲ್ಲಪ್ಪಾ, ಅವರು ನಮ್ಮ ಕಾರಿನ ಕೆಲಸದವರು ಅಷ್ಟೇ. ಓದುವುದೆಲ್ಲ ನಾನೇ," ಎಂದೆ. ಬಾಯಿಂದ ಬಂದದ್ದು ಬಂತು. ಆದರೆ ಮರುವಾರ ನರ್ಸಿಂಗ್ ಶಾಲೆಯ ಅರ್ಜಿ ತುಂಬಿಸುವಾಗ ಯಾರೂ ನಗುತ್ತಿರಲಿಲ್ಲ, ಯಾರೂ ನೋಡುತ್ತಲೂ ಇರಲಿಲ್ಲ. ಆರನೇ ಪುಟದಲ್ಲಿ ಒಂದು ಸಾಲಿತ್ತು: ರಸಾಯನಶಾಸ್ತ್ರದ ಪ್ರಯೋಗಗಳನ್ನು ಕಲಿಸಿದವರ ಹೆಸರು, ಅವರ ಉದ್ಯೋಗ. ಪೆನ್ನು ಹಿಡಿದು ಕೂತೆ. ಅಮೆರಿಕದವರು ಓದಿ ಏನೆಂದುಕೊಳ್ಳುತ್ತಾರೆ? ಬ್ಯಾಟರಿ ರಿಪೇರಿಯವನ ಕೈಕೆಳಗೆ ಕಲಿತವಳೇ? ಯಾರೂ ಇಲ್ಲ, ಸ್ವಂತ ಓದು ಎಂದು ಇಂಗ್ಲಿಷಿನಲ್ಲಿ ಚಂದ ಮಾಡಿ ಬರೆದೆ.

ಮಸ್ಕತ್ತಿನಲ್ಲಿ ಅಂಚೆಯವರು ಮನೆಗೆ ಬರುವುದಿಲ್ಲ. ನಮ್ಮ ಕಾಗದ ಬರುವುದು ವಾಲ್ಟರರ ಕಂಪನಿಯ ಪೆಟ್ಟಿಗೆಗೆ, ಕಳಿಸಬೇಕಾದರೆ ಪಕ್ಕದ ರೂವಿ ಪೇಟೆಯ ಅಂಚೆ ಕಚೇರಿಗೇ ಹೋಗಬೇಕು. ಮಾರನೇ ದಿನ ಜಗನ್ನಾಥಣ್ಣ ರೂವಿಗೆ ಬ್ಯಾಟರಿ ಕೊಡಲು ಹೊರಟಿದ್ದರು. "ಕೊಡಿ ಬಾಯಮ್ಮ, ನಾನೇ ಹಾಕ್ತೇನೆ. ಅಂಟಿಸುವ ಮೊದಲು ಒಮ್ಮೆ ನೋಡ್ಲಾ? ಮನೆಯಲ್ಲಿ ಇಂಗ್ಲಿಷ್ ನೋಡಿಕೊಡುವವರು ಯಾರುಂಟು ನಿಮಗೆ." ಬೇಡ ಎನ್ನಲು ನನಗೆ ಕಾರಣ ಹೊಳೆಯಲಿಲ್ಲ. ಅವರು ಕೈ ತೊಳೆದು ಬಂದರು. ಒಂದೊಂದೇ ಪುಟ ತಿರುಗಿಸಿದರು. ಆರನೇ ಪುಟದಲ್ಲಿ ಬೆರಳು ನಿಂತಿತು. ನಾನು ಎದುರಿನ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ.

ಕಾಗದ ಮಡಚಿ ಕವರಿನೊಳಗೆ ಹಾಕಿ ಅಂಟಿಸಿದರು. "ಸರಿ ಉಂಟು, ಬಾಯಮ್ಮ. ಸ್ಪೆಲ್ಲಿಂಗ್ ಎಲ್ಲ ಸರಿ ಉಂಟು," ಎಂದು ಗಾಡಿ ಹತ್ತಿದರು.

ಈಸ್ಟರ್ ಕಳೆದು ಶಾಲೆಯಿಂದ ಉತ್ತರ ಬಂತು. ಉಳಿದದ್ದೆಲ್ಲ ಸರಿಯಾಗಿದೆ, ಆದರೆ ಪ್ರಯೋಗಗಳನ್ನು ಯಾರೂ ನಿಂತು ಕಲಿಸದಿದ್ದರೆ ಅವು ಲೆಕ್ಕಕ್ಕಿಲ್ಲ. ವಿಷಯ ತಿಳಿದವರೊಬ್ಬರ ಎದುರು ಮಾಡಿದ್ದರೆ ಅವರ ಸಹಿಯ ಪತ್ರ ಕಳಿಸಿ, ಅದು ಬರುವವರೆಗೆ ಅರ್ಜಿ ತಡೆಹಿಡಿಯಲಾಗಿದೆ. ನಾನು ಮೊದಲು ಪಾಸಾಗಿದ್ದ ಇಂಗ್ಲಿಷಿಗೆ ಏಳು ವರ್ಷ ತುಂಬಲು ಆಗ ಉಳಿದಿದ್ದದ್ದು ಹತ್ತು ತಿಂಗಳು.

ಮೂವತ್ತೆರಡು ಮೆಟ್ಟಿಲು ಇಳಿದರೆ ಆ ಸಹಿ ಸಿಗುತ್ತಿತ್ತು. ನಾನು ಇಳಿಯಲಿಲ್ಲ. ಯಾವ ಮುಖ ಇಟ್ಟುಕೊಂಡು ಇಳಿಯಲಿ? ಇಗರ್ಜಿಗೆ ಹೋಗುವಾಗ ಕಟ್ಟಡದ ಹಿಂದಿನ ಬಾಗಿಲಿನಿಂದ ಹೋಗತೊಡಗಿದೆ. ಆಗಸ್ಟಿನಲ್ಲಿ ಬ್ಯಾಟರಿ ಪುನಃ ಕೆಟ್ಟಾಗ, "ರೂವಿಯಲ್ಲಿ ಹಾಕಿಸಿ, ಅಲ್ಲಿ ಒಳ್ಳೆಯದು ಸಿಗುತ್ತದಂತೆ," ಎಂದು ವಾಲ್ಟರರಿಗೆ ಸುಳ್ಳು ಹೇಳಿದೆ. ಪಾಪನಿವೇದನೆಯಲ್ಲಿ ಫಾದರಿಗೆ ಹೇಳಿದೆ. ಅವರು ಪ್ರಾಯಶ್ಚಿತ್ತದ ಪ್ರಾರ್ಥನೆ ಕೊಟ್ಟು, "ದೇವರು ಕ್ಷಮಿಸುತ್ತಾನೆ, ಆದರೆ ನೀನು ಅವರ ಹತ್ತಿರ ಹೋಗಮ್ಮಾ," ಎಂದರು. ಪ್ರಾರ್ಥನೆ ಹೇಳಿದೆ. ಹೋಗಲಿಲ್ಲ. ಹಾಗೆ ಒಂಬತ್ತು ತಿಂಗಳು ಕಳೆದವು.

ಕ್ರಿಸ್ಮಸ್ ಕಳೆದ ಮೇಲೆ ಹಬ್ಬದ ತಿಂಡಿ ಕುಸ್ವಾರಿನ ತಟ್ಟೆ ಹಿಡಿದು ಇಳಿದೆ. ತಟ್ಟೆಯಡಿ ಶಾಲೆಯ ಕಾಗದ. ಅವರು ನನ್ನನ್ನು ನೋಡಿ, "ಓ, ಬಾಯಮ್ಮ ಇನ್ನೂ ವಾದಿ ಕಬೀರಿನಲ್ಲೇ ಇದ್ದಾರಾ? ನಾನು ಅಮೆರಿಕಕ್ಕೆ ಹೋದ್ರು ಅಂತ ಮಾಡಿದ್ದೆ," ಎಂದು ನಕ್ಕರು. ಕಾಗದ ಕೊಟ್ಟೆ. ಸೋಡಾ, ಸಾಬೂನು, ನೀರು, ಬಿಳಿ ಬಟ್ಟೆ. ಈ ಸಲ ಅವರು ಕಾಗದವನ್ನು ಕಣ್ಣಿನ ತೀರ ಹತ್ತಿರ ಹಿಡಿದು ಓದಿದರು.

"ಬೇಗ ತರುದಲ್ವಾ ಬಾಯಮ್ಮ ಇದನ್ನು," ಎಂದರು. ಅಷ್ಟೇ.

ಅಲ್ಲೇ ಕೂತು, ಇಂಗ್ಲಿಷಿನಲ್ಲಿ, ಹನ್ನೆರಡು ಪ್ರಯೋಗಗಳನ್ನೂ ಒಂದರ ಕೆಳಗೊಂದು ಬರೆದರು. ಅರಸಿನದ ಕಾಗದವನ್ನೂ ಬಿಡಲಿಲ್ಲ. ಸಹಿ ಹಾಕಿದರು. ಸಹಿಯ ಕೆಳಗೆ ಪೆನ್ನು ನಿಲ್ಲಿಸಿ ತಲೆಯೆತ್ತಿದರು.

"ಕೆಲಸ ಎಂತ ಅಂತ ಬರೀಲಿ?"

"ಟೀಚರ್ ಅಂತ ಬರೆಯಿರಿ," ಎಂದೆ. ಈಗಲಾದರೂ ಗೌರವ ಕೊಡುತ್ತಿದ್ದೇನೆ ಎಂದೇ ನನಗೆ ಆಗ ಅನ್ನಿಸಿತ್ತು.

"ಬೇಡ, ಬಾಯಮ್ಮ. ಸುಳ್ಳು ಒಂದೇ ಸಾಕು." ಧ್ವನಿಯಲ್ಲಿ ಕೋಪವಿರಲಿಲ್ಲ. ಬ್ಯಾಟರಿ ಮೆಕ್ಯಾನಿಕ್ ಎಂದು ಬರೆದು ಕಾಗದ ನನ್ನ ಕೈಗಿಟ್ಟರು. ಆಮೇಲೆ ಕುಸ್ವಾರಿನ ತಟ್ಟೆಯಿಂದ ಒಂದು ಉಂಡೆ ಎತ್ತಿಕೊಂಡು, "ಬರುವ ತಿಂಗಳು ನಾನೂ ಖಲಾಸ್. ಕಣ್ಣು ಮಂಜಾಗಿದೆ, ಆಸಿಡ್ ಯಾವುದು ನೀರು ಯಾವುದು ಗೊತ್ತಾಗುದಿಲ್ಲ. ಅರಬಾಬ್ ಊರಿಗೆ ಟಿಕೆಟ್ ಮಾಡಿಸಿದ್ದಾರೆ. ಹೋಗುವಾಗ ಕೆಳಗಿನಿಂದ ಎರಡು ಹಾರ್ನ್ ಹೊಡೆಸ್ತೇನೆ, ಕಿಟಕಿಗೆ ಬನ್ನಿ," ಎಂದರು.

ಬರುತ್ತೇನೆ ಎಂದೆ.

ಅವರು ಹೊರಟದ್ದು ಒಂದು ಬುಧವಾರ. ಆ ವಾರದ ಜಪಮಾಲೆ ನಮ್ಮ ಮನೆಯಲ್ಲಿ. ನಾನು ಮೊಣಕಾಲೂರಿ ಹೇಳಿಕೊಡುತ್ತಿದ್ದೆ, ಉಳಿದವರು ಉತ್ತರಿಸುತ್ತಿದ್ದರು. ನಾಲ್ಕನೇ ಹತ್ತು ಮಣಿ ನಡೆಯುತ್ತಿರುವಾಗ ಕೆಳಗಿನಿಂದ ಹಾರ್ನ್ ಕೇಳಿತು. ಎರಡು ಸಲ. ಸ್ವಲ್ಪ ಬಿಟ್ಟು ಇನ್ನೂ ಎರಡು ಸಲ. ಕಿಟಕಿ ನನ್ನಿಂದ ನಾಲ್ಕು ಹೆಜ್ಜೆ.

"ಯಾರದು ಮಾರಾಯ್ತಿ, ಪ್ರಾರ್ಥನೆಯ ಹೊತ್ತಿನಲ್ಲಿ?" ಎಂದರು ಐರಿನ್ ಬಾಯಿ.

"ಯಾರೋ, ಗೊತ್ತಿಲ್ಲ," ಎಂದು ನಾನು ಮುಂದಿನ ಮಣಿ ಹಿಡಿದೆ.

ಎಲ್ಲ ಮುಗಿದು, ಚಹಾ ಕೊಟ್ಟು, ಅವರನ್ನು ಕಳಿಸಿ ಇಳಿದಾಗ ಶಟರ್ ಅರ್ಧ ಎಳೆದಿತ್ತು. ಕೆಲಸಕ್ಕೆ ಹೊಸದಾಗಿ ಸೇರಿದ್ದ ಮಲಯಾಳಿ ಬಕೆಟ್ ತೊಳೆಯುತ್ತಿದ್ದ. "ಅಣ್ಣ ಮೇಲೆ ನೋಡಿಕೊಂಡು ನಿಂತಿದ್ದರು. ಹೊಸ ಅಂಗಿ ಹಾಕಿದ್ದರು," ಎಂದು ಹಿಂದಿಯಲ್ಲಿ ಹೇಳಿದ.

ಪತ್ರ ಶಾಲೆಗೆ ಮುಟ್ಟಿ ಅಲ್ಲಿನವರು ಉತ್ತರ ಬರೆದಾಗ ಇಂಗ್ಲಿಷಿನ ಏಳು ವರ್ಷ ಮುಗಿದು ಹನ್ನೊಂದು ದಿನವಾಗಿತ್ತು. ಅದನ್ನು ಪುನಃ ಬರೆಯಬೇಕು, ಅದು ಮುಗಿಯುವುದರೊಳಗೆ ಮನಃಶಾಸ್ತ್ರದ ಅವಧಿಯೂ ಮುಗಿಯುತ್ತದೆ. ನಾನು ಬರೆಯಲಿಲ್ಲ. ಹಿಲ್ಡಾ ಬೈದಳು, ವಾಲ್ಟರ್ ಬೈಯಲಿಲ್ಲ. ಅದೂ ದೇವರ ದಯೆಯೇ. ಮಗಳು ಚೆನ್ನಾಗಿದ್ದಾಳೆ, ನಾವು ಆರೋಗ್ಯವಾಗಿದ್ದೇವೆ. ನರ್ಸ್ ಆಗಲಿಲ್ಲ ಎಂಬ ದುಃಖ ಎರಡು ಮೂರು ವರ್ಷದಲ್ಲಿ ಹೋಯಿತು.

ಆ ಉತ್ತರದಲ್ಲಿ ಇನ್ನೊಂದು ಸಾಲಿತ್ತು. ನಿಮ್ಮ ಪ್ರಯೋಗಗಳನ್ನು ಒಪ್ಪಿದ್ದೇವೆ, ನಿಮಗೆ ಕಲಿಸಿದವರು ಬಹಳ ಚೆನ್ನಾಗಿ ಕಲಿಸಿದ್ದಾರೆ, ಅವರಿಗೆ ನಮ್ಮ ವಂದನೆ ತಿಳಿಸಿ ಎಂದು. ತಿಳಿಸಬೇಕೆಂದು ಅದೇ ದಿನ ಕಾಗದ ಪೆನ್ನು ತೆಗೆದುಕೊಂಡು ಕೂತೆ. ಜಗನ್ನಾಥಣ್ಣನಿಗೆ ಎಂದು ಮೇಲೆ ಬರೆದೆ. ಆಗಲೇ ನೆನಪಾದದ್ದು, ಹದಿನಾಲ್ಕು ತಿಂಗಳು ಅವರ ಮೇಜಿನಲ್ಲಿ ಕೂತು ಕಲಿತ ನಾನು, ಕಾಪು ಕಡೆ ಎಂಬುದು ಬಿಟ್ಟು ಊರಲ್ಲಿ ಅವರ ಮನೆ ಎಲ್ಲಿ ಎಂದು ಒಂದು ದಿನವೂ ಕೇಳಿರಲಿಲ್ಲ.