ನಾಲ್ಕನೇ ದಿನದ ತಲೆಸ್ನಾನ

ಮಹಾರಾಜರ ಕಾಲದಲ್ಲಿ ಮಧುಗಿರಿಯ ಹೆಣ್ಣುಮಕ್ಕಳ ಸ್ಕೂಲಿಗೆ ಮೇಷ್ಟ್ರಮ್ಮನಾಗಿ ಹೋದಾಗ ಒಂದು ಮನೆಯಲ್ಲಿ ಬಾಡಿಗೆಗಿದ್ದೆ. ಮುಟ್ಟಾದರೆ ಮೂರು ದಿನ ಹೊರಗಿನ ಜಗಲಿಯಲ್ಲಿ ಗೋಣಿತಾಟಿನ ಮೇಲೆ ಮಲಗಬೇಕೆಂದು ಮನೆಯೊಡತಿ ಮೊದಲೇ ಹೇಳಿದ್ದಳು. ಮೊದಲ ತಿಂಗಳು ಹೊಟ್ಟೆನೋವಿಗೂ ಚಳಿಗೂ ಕಣ್ಣು ಮುಚ್ಚಲಾಗಲಿಲ್ಲ. ಎರಡನೇ ತಿಂಗಳು ಯಾರಿಗೂ ಹೇಳದೆ ಒಳಗೇ ಉಳಿದುಬಿಟ್ಟೆ.

ಒಳಗೂ ನಿದ್ದೆ ಬರಲಿಲ್ಲ. ಮನೆಯೊಡತಿಯ ಅತ್ತೆ ಬೆಳಿಗ್ಗೆ ಎದ್ದರೆ ನನ್ನ ಮುಖವನ್ನೇ ನೋಡುತ್ತಾ, "ನಿದ್ದೆ ಬಂತೇನಮ್ಮ?" ಅನ್ನುತ್ತಿದ್ದರು. ಸೊಸೆಗೆ ಚಾಡಿ ಹೇಳೋಕೇ ಈ ಮುದುಕಿ ಕೇಳ್ತಿದ್ದಾಳೆ ಅಂದುಕೊಂಡೆ.

ಮೂರನೇ ದಿನ ಸಂಜೆ ಅಜ್ಜಿ ಬಟ್ಟೆ ಸುತ್ತಿದ ಬಿಸಿ ಇಟ್ಟಿಗೆ ತಂದು, "ಹೊಟ್ಟೆ ಮೇಲೆ ಇಟ್ಕೊ" ಎಂದರು.

"ನಂಗೇನೂ ಆಗಿಲ್ಲ ಅಜ್ಜಿ."

"ಆಯ್ತು, ಆಗಿಲ್ಲ ಬುಡು. ನಾಳೆ ನಾಕ್ನೇ ದಿನ ಅಂತ ತಲೆಗೆ ನೀರು ಹುಯ್ಕೊಬ್ಯಾಡ, ನನ್ ಸೊಸೆಗೆ ಗೊತ್ತಾಗೋಯ್ತದೆ. ಶುಕ್ರವಾರ ಮನೆ ಹೆಂಗಸ್ರೆಲ್ಲ ಹುಯ್ಕೊಂತೀವಲ್ಲ, ಅಲ್ಲೀಗಂಟ ತಡ್ಕೊ. ನನ್ ಕಾಲ್ದಾಗೆ ನಾನೂ ಅಂಗೇ ಮಾಡ್ತಿದ್ದೆ ಕಣಮ್ಮ."

ಅಂದಿನಿಂದ ಶುಕ್ರವಾರ ತಲೆ ಒಣಗಿಸುತ್ತಾ ಕೂತ ಹೆಂಗಸನ್ನು ಕಂಡರೆ ನನಗೆ ಗುಮಾನಿಯೇ. ಅಷ್ಟು ಮಡಿಯ ಮನೆಯೊಡತಿಯ ಮೇಲೂ.