ಮಾಸ್ಕಿನೊಳಗಿನ ಮುಖ

ಕೊರೊನಾ ಇಳಿದು ಊರಿನವರೆಲ್ಲ ಮಾಸ್ಕ್ ಬಿಚ್ಚಿದಾಗ ನಾನೊಬ್ಬಳು ಬಿಚ್ಚಲಿಲ್ಲ, ಅಭ್ಯಾಸವಾಗಿಹೋಗಿತ್ತು. ಕ್ಯಾಲನೂರಿನ ಪಕ್ಕದ ನಮ್ಮೂರ ಡೈರಿಯಲ್ಲಿ ಹಾಲು ಅಳೆದು ಫ್ಯಾಟ್ ನೋಡುವುದು ನನ್ನ ಕೆಲಸ. ಬೆವರಿಗೂ ಉಸಿರಿಗೂ ನೆನೆದ ಮಾಸ್ಕನ್ನು ಸಂಜೆಯವರೆಗೂ ಹಾಕಿಕೊಂಡಿರುತ್ತಿದ್ದೆ. ಮೊದಲು ಮೂಗಿನ ಪಕ್ಕದಲ್ಲಿ ನವೆ ಶುರುವಾಯಿತು. ಆಮೇಲೆ ಕೆನ್ನೆ ಕೆಂಪಾಗಿ, ಒರಟಾಗಿ, ಸಣ್ಣ ಸಣ್ಣ ಗುಳ್ಳೆಗಳು ಎದ್ದವು.

ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಒಂದು ಮುಲಾಮು ತಂದೆ. ಹಚ್ಚಿದಾಗ ಮುಖ ತಿಳಿಯಾಗುತ್ತಿತ್ತು. ಬಿಟ್ಟ ಕೂಡಲೇ ಮೊದಲಿಗಿಂತ ಹೆಚ್ಚಾಗಿ ಉರಿಯುತ್ತಿತ್ತು. ಹೀಗೇ ತಿಂಗಳುಗಳು ಕಳೆದವು.

ಒಂದು ದಿನ ಡೈರಿಯಲ್ಲಿ ಮಾಸ್ಕಿನ ದಾರ ಕಿತ್ತುಹೋಯಿತು. ಎದುರಿಗಿದ್ದ ಹೆಂಗಸು ತನ್ನ ಹಾಲಿನ ಕ್ಯಾನನ್ನು ಹಿಂದಕ್ಕೆ ಎಳೆದುಕೊಂಡಳು.

"ಅಮ್ಮ ಆಗೈತೇನೇ ನಿಂಗೆ? ಹಾಲು ಮುಟ್ಬೇಡ ಕಣೇ!"

ಸೀತಾಳೆ ಸಿಡುಬೇ ಇರಬೇಕೆಂದು ಸಾಲಿನಲ್ಲಿದ್ದವರು ಸರಿದು ನಿಂತರು. ಡೈರಿಯ ಸೆಕ್ರೆಟರಿ ನನ್ನ ಕಡೆ ನೋಡದೆ, "ವಾಸಿ ಆಗೋವರ್ಗೂ ಮನೇಲಿರಮ್ಮ" ಎಂದರು.

ಮನೆಯಲ್ಲೂ ಮುಖ ಮುಚ್ಚಿಕೊಂಡೇ ಇದ್ದೆ. ಊಟಕ್ಕೆ ಗೋಡೆಯ ಕಡೆ ತಿರುಗಿ ಕೂರುತ್ತಿದ್ದೆ. ಗಂಡ ಕೇಳಿದರೆ ಅಲರ್ಜಿ ಎನ್ನುತ್ತಿದ್ದೆ. ಅತ್ತೆ ಏನೂ ಕೇಳಲಿಲ್ಲ. ಒಂದು ಬೆಳಿಗ್ಗೆ ಸೀರೆ ಬದಲಾಯಿಸಿಕೊಂಡು ಬಂದು, "ನಡಿಯಮ್ಮ, ಕೋಲಾರಕ್ಕೆ ಹೋಗೋಣ. ಡಾಕ್ಟ್ರಿಗಾದ್ರೂ ಮೊಕ ತೋರ್ಸು" ಎಂದರು.

ಚರ್ಮದ ಡಾಕ್ಟರು ಕೆನ್ನೆಯನ್ನು ಮೆಲ್ಲಗೆ ಕೆರೆದು, ಬಂದದ್ದನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ನನಗೂ ತೋರಿಸಿದರು. ಬೆಳ್ಳಗಿನ ಎಳೆಯಂಥ ಹುಳುಗಳು ಮೆಲ್ಲಗೆ ಮಿಸುಕುತ್ತಿದ್ದವು.

"ಇವು ಚರ್ಮದಲ್ಲಿರೋ ನುಸಿ. ಮಾಸ್ಕಿನ ಬಿಸಿ, ಬೆವರು, ಮೇಲೆ ನೀವು ಹಚ್ಚಿದ ಆ ಸ್ಟೀರಾಯ್ಡ್ ಮುಲಾಮು ಬೇರೆ. ಅದಕ್ಕೇ ಇಷ್ಟೊಂದು ಹೆಚ್ಚಿವೆ" ಎಂದರು ಡಾಕ್ಟರು.

ಅತ್ತೆಯೂ ಬಗ್ಗಿ ನೋಡಿದರು. "ಅಯ್ಯೋ ದೇವುಡಾ! ನನ್ ಮೊಕದಾಗೂ ಇದ್ದಾವಾ?"

"ದೊಡ್ಡವರೆಲ್ಲರ ಮುಖದಲ್ಲೂ ಒಂದಿಷ್ಟು ಇದ್ದೇ ಇರ್ತವೆ, ಅಜ್ಜಿ. ಗಲೀಜು ಅಂತಲ್ಲ."

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ನೋಡುತ್ತಾ ಕೂತಿದ್ದರು. ಚಿಕ್ಕವರಿದ್ದಾಗ ಬಂದ ಸಿಡುಬು ಅವರ ಮುಖದ ತುಂಬ ಗುಳಿ ಬಿಟ್ಟುಹೋಗಿತ್ತು. ಅದರ ವಿಷಯ ಅವರಾಗಲಿ ನಾನಾಗಲಿ ಎಂದೂ ಎತ್ತಿರಲಿಲ್ಲ.

"ಮದ್ವೇಲಿ ಮೊಕದ್ ಮೇಲೆ ಸೆರಗು ಎಳ್ದು ಕೂರ್ಸಿದ್ರು. ಮಾರ್ನೆ ದಿನ ನಿಮ್ ಮಾವ ಮೊಕ ನೋಡಿ ಎದ್ದು ಹೊಲಕ್ಕೆ ಹೋದ್ರು. ನಂಜೊತೆ ಮಾತಾಡಿದ್ದು ನಿನ್ ಗಂಡ ಹುಟ್ಟಿದ್ ಮೇಲೇನೆ."

"ಅಲ್ಲೀವರ್ಗೂ ನೀವೇನ್ ಮಾಡಿದ್ರಿ, ಅತ್ತೆ?"

"ಏನ್ ಮಾಡ್ತೀನಿ? ಸೆರಗು ತೆಗ್ದು, ಬಿಂದಿಗೆ ಎತ್ಕೊಂಡು ನೀರಿಗೆ ಹೋದೆ. ನೋಡೋರು ನೋಡ್ಲಿ ಅಂತ."

ನಾನು ಅವರ ಕೈ ಹಿಡಿದುಕೊಂಡೆ.

ಹಳೆಯ ಮುಲಾಮು ನಿಲ್ಲಿಸಿದ ಮೇಲೆ ಮುಖ ಇನ್ನೂ ಊದಿಕೊಂಡಿತು. ಡಾಕ್ಟರು ಮೊದಲೇ ಹೇಳಿದ್ದರಿಂದ ಹಲ್ಲು ಕಚ್ಚಿ ತಡೆದೆ. ಹೊಸ ಔಷಧಿಗೆ ಗುಳ್ಳೆಗಳು ನಿಧಾನವಾಗಿ ಅಡಗಿದವು, ಕೆಂಪು ಪೂರ್ತಿ ಹೋಗಲಿಲ್ಲ. ಮಾಸ್ಕಿಲ್ಲದೆ ಆ ಮುಖದಲ್ಲೇ ಡೈರಿಗೆ ಹೋದೆ. ಕ್ಯಾನು ಎಳೆದುಕೊಂಡಿದ್ದ ಹೆಂಗಸು ನನ್ನ ಮುಖವನ್ನೇ ನೋಡುತ್ತಾ ಕ್ಯಾನು ಮುಂದಕ್ಕೆ ತಂದು ಹಾಲು ಸುರಿದಳು. ನಾನು ಅಳೆದೆ.