ಮುದ್ದೇಬಿಹಾಳಕ್ಕೆ ಹೋದ ಮೂರು ಕೇಬಲ್‌ಗಳು

ಫೆಬ್ರುವರಿ ೨೬, ಗುರುವಾರ, ಬೆಳಿಗ್ಗೆ ೬.೪೦. ಸಿಂದಗಿ ಬಸ್ ನಿಲ್ದಾಣ. ಬಸವನ ಬಾಗೇವಾಡಿಯ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತು ನೋಟುಬುಕ್ಕು ತೆರೆದೆ. ಅಕ್ಕನ ಪಟ್ಟಿಯ ಕೊನೆಯ ನಾಲ್ಕು ಸಾಲುಗಳು ಹೀಗಿದ್ದವು: ಭಾನುವಾರ ೨೬ ನಿಮಿಷ. ಸೋಮವಾರ ಖಾಲಿ. ಮಂಗಳವಾರ ಖಾಲಿ. ಬುಧವಾರ ಖಾಲಿ.

ಅಕ್ಕನಿಗೆ ಆಗ ಎಂಟನೇ ತಿಂಗಳು, ಚೊಚ್ಚಲು. ಮುದ್ದೇಬಿಹಾಳದಲ್ಲಿ ಅವಳನ್ನು ನೋಡುತ್ತಿದ್ದ ಡಾಕ್ಟರು, ಮಧ್ಯಾಹ್ನ ಊಟವಾದ ಮೇಲೆ ಎಡಮಗ್ಗುಲಿಗೆ ಮಲಗಿ, ಕೂಸು ಹತ್ತು ಸಲ ಅಲುಗಾಡಲು ಎಷ್ಟು ನಿಮಿಷ ಹಿಡಿಯುತ್ತದೆ ಎಂದು ದಿನಾಲೂ ಬರೆದಿಡಲು ಹೇಳಿದ್ದರು. ಅಕ್ಕ ಹುಟ್ಟಿನಿಂದಲೇ ಕಿವಿ ಕೇಳದವಳು. ಮನೆಯಲ್ಲಿ ನಮ್ಮ ಮಾತೆಲ್ಲ ಕೈಯಲ್ಲೇ ನಡೆಯುತ್ತಿತ್ತು. ಅವಳ ಮದುವೆಯಾದ ಮೇಲೆ ಆ ಮಾತು ವಿಡಿಯೊ ಕಾಲಿಗೆ ಬಂತು. ದಿನಾ ಮಧ್ಯಾಹ್ನ ಎರಡೂವರೆಗೆ ಅವಳು ಇಂಡಿ ಊರಿನಲ್ಲಿರುವ ಅವ್ವನಿಗೆ ಮುಖ ತೋರಿಸುತ್ತಾಳೆ, ಆಮೇಲೆ ನನಗೆ ಆ ದಿನದ ನಿಮಿಷ ಕಳಿಸುತ್ತಾಳೆ. ನಾನು ಸಿಂದಗಿಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿದ್ದೇನೆ. ದಿನವಿಡೀ ಇತರರ ಅಂಕಿ ಬರೆಯುವ ಕೆಲಸ. ಹಾಗಾಗಿ ಅಕ್ಕನ ಅಂಕಿಯನ್ನೂ ನಾನೇ ಬರೆದಿಡುತ್ತೇನೆಂದು ಮೊದಲ ದಿನವೇ ಹೇಳಿದ್ದೆ. ಮೂವತ್ತನಾಲ್ಕು ದಿನಗಳಲ್ಲಿ ಒಂದು ದಿನವೂ ತಪ್ಪಿರಲಿಲ್ಲ.

ಸೋಮವಾರ ತಪ್ಪಿತು. ಅಕ್ಕನ ಫೋನಿಗೆ ಕರೆಯೇ ಹೋಗಲಿಲ್ಲ. ಆ ಮನೆಯಲ್ಲಿ ಇನ್ನೊಂದು ಫೋನೆಂದರೆ ಅವಳ ಅತ್ತೆಯ ಬಟನ್ ಫೋನು. ಅದರಲ್ಲಿ ಕೇಳಬಹುದು, ನೋಡಲಾಗದು. ಭಾವ ಆಲಮಟ್ಟಿಯಲ್ಲಿ ಕಾಲುವೆಯ ಕೆಲಸದಲ್ಲಿದ್ದಾರೆ, ಊರಿಗೆ ಬರುವುದು ಶನಿವಾರ ಸಂಜೆ. ಅವ್ವ ಬಟನ್ ಫೋನಿಗೆ ಮಾಡಿದಳು. ಅವರಿಬ್ಬರು ಮಾತಾಡಿದ್ದನ್ನು ಅವ್ವ ನನಗೆ ಚಾಚೂ ತಪ್ಪದೆ ಹೇಳಿದಳು.

"ಬೀಗರ, ಆಕಿ ಫೋನಿಗೆ ಏನಾಗೇತ್ರಿ?"

"ಚಾರ್ಜಿಂಗ್ ವಾಯರ್ ಕೆಟ್ಟೈತ್ರಿ. ಒತ್ತಿ ಹಿಡದ್ರ ಹತ್ತತೈತಿ, ಬಿಟ್ರ ಹೋಗತೈತಿ."

"ಯಾವ ಪಿನ್ನಿನ ವಾಯರ್ ಐತ್ರಿ? ಇಲ್ಲಿಂದ ಕಳಸ್ತೇನಿ."

"ಸಣ್ಣ ಪಿನ್ನು."

ಅವ್ವ ಇಂಡಿಯ ಅಂಗಡಿಗೆ ಹೋಗಿ ಸಣ್ಣ ಪಿನ್ನಿನದು ಕೊಡಿ ಎಂದಳು, ಅಂಗಡಿಯವರು ಸಣ್ಣ ಪಿನ್ನಿನದನ್ನೇ ಕೊಟ್ಟರು. ಅಂಗಡಿಯವರ ಲೆಕ್ಕದಲ್ಲಿ ಸಣ್ಣ ಪಿನ್ನೆಂದರೆ ಹಳೆಯ ಫೋನುಗಳದು, ಮೇಲಂಚು ಅಗಲ, ಕೆಳಗಂಚು ಕಿರಿದು ಇರುವಂಥದ್ದು. ಅಕ್ಕನ ಫೋನಿಗೆ ಬೇಕಾದದ್ದು ಸಿ ಟೈಪ್. ಅತ್ತೆಯ ಲೆಕ್ಕವೇ ಬೇರೆ. ಒಂದು ವಾಯರಿಗೆ ಎರಡು ತುದಿ: ಗೋಡೆಯ ಕಡೆಗಿನದು ದೊಡ್ಡ ಪಿನ್ನು, ಫೋನಿನ ಕಡೆಗಿನದು ಸಣ್ಣ ಪಿನ್ನು. ಇಬ್ಬರೂ ಸುಳ್ಳು ಹೇಳಿರಲಿಲ್ಲ. ಆ ಕೇಬಲ್ಲು ಪರಿಚಯದ ಕಂಡಕ್ಟರರ ಕೈಯಲ್ಲಿ ಮುದ್ದೇಬಿಹಾಳ ಮುಟ್ಟಿತು, ಆದರೆ ಅಕ್ಕನ ಉಪಯೋಗಕ್ಕೆ ಬರಲಿಲ್ಲ.

ಮಂಗಳವಾರ ನಾನೇ ಸಿಂದಗಿಯಲ್ಲಿ ಸಿ ಟೈಪ್ ಕೇಬಲ್ ಆರಿಸಿದೆ. ಅಕ್ಕನ ಫೋನು ಕೊಂಡ ದಿನ ಅದರ ಡಬ್ಬಿಯ ಮೇಲಿದ್ದದ್ದನ್ನೆಲ್ಲ ಬರೆದುಕೊಂಡಿದ್ದೆನಾದ್ದರಿಂದ ಧೈರ್ಯವಿತ್ತು. ಅದನ್ನೂ ಬಸ್ಸಿನಲ್ಲಿ ಕಳಿಸಿದೆ. ಸಂಜೆ ಅತ್ತೆಗೆ ಫೋನು ಮಾಡಿದರೆ ಒಂದೇ ಮಾತು: "ನಡೀವಲ್ದವ್ವ."

"ಅಕ್ಕ ಹೆಂಗದಾಳ್ರಿ ಅತ್ತಿ?"

"ಚಲೋ ಅದಾಳ. ಉಣ್ತಾಳ, ಅಡ್ಡಾಡ್ತಾಳ. ನೀ ಯಾಕ ಚಿಂತಿ ಮಾಡ್ತಿ?"

ಅತ್ತೆ ಒಳ್ಳೆಯವರು. ಆದರೆ ಅವರಿಗೆ ಅಕ್ಕನ ಕೈಮಾತಿನಲ್ಲಿ ಉಣ್ಣು, ನೀರು, ಬಾ, ನೋವು, ಇಷ್ಟೇ ಗೊತ್ತು. ಓದಲೂ ಬಾರದು. ಅಕ್ಕ ಹತ್ತನೆಯವರೆಗೆ ಓದಿದವಳು, ಚೀಟಿ ಬರೆದುಕೊಟ್ಟರೂ ಆ ಮನೆಯಲ್ಲಿ ಶನಿವಾರದವರೆಗೆ ಓದುವವರಿಲ್ಲ. ಹಾಗಾಗಿ "ಚಲೋ ಅದಾಳ" ಎಂಬುದು ಅತ್ತೆ ಕಣ್ಣಾರೆ ಕಂಡದ್ದು, ಅಕ್ಕ ಹೇಳಿದ್ದಲ್ಲ. ಕೂಸು ಅಲುಗಾಡುವುದು ಕಡಿಮೆಯಾಗಿದ್ದರೆ ಅದು ಅವಳೊಬ್ಬಳಿಗೇ ಗೊತ್ತಾಗುವ ಸಂಗತಿ.

ಬುಧವಾರ ಅವ್ವ ಮೂರು ಸಲ ಫೋನು ಮಾಡಿದಳು. ಮೂರನೆಯ ಸಲ ಬೇರೇನೂ ಕೇಳಲಿಲ್ಲ.

"ನಿನ್ನ ಪಟ್ಟಿಯಾಗ ಇವತ್ತು ಏನೈತಿ?"

"ಖಾಲಿ ಐತವ್ವ."

"ನನ್ನ ಮೊಣಕಾಲು ನೆಟ್ಟಗಿದ್ರ ನಾನ ಹೋಗಿ ನೋಡಿ ಬರ್ತಿದ್ದೆ, ನಿನ್ನ ಕೇಳ್ತಿದ್ದಿಲ್ಲ."

ಲ್ಯಾಬಿನಲ್ಲಿ ಒಂದು ದಿನದ ರಜೆ ಬರೆದುಕೊಟ್ಟೆ.

ಬಾಗೇವಾಡಿ ಮುಟ್ಟಿದಾಗ ೮.೫೦. ಮುದ್ದೇಬಿಹಾಳದ ಬಸ್ಸಿಗೆ ಇನ್ನೂ ನಲವತ್ತು ನಿಮಿಷ. ನಿಲ್ದಾಣದ ಎದುರು ಆಗಷ್ಟೇ ಬಾಗಿಲು ತೆಗೆದಿದ್ದ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಬಿಳಿ ಗಡ್ಡದ ಚಾಚಾ ಒಬ್ಬರು ಗಾಜಿನ ಪೆಟ್ಟಿಗೆ ಒರೆಸುತ್ತಿದ್ದರು. ನಾನು ಪುಸ್ತಕ ತೆಗೆದು ಓದಿದೆ: ಸಿ ಟೈಪ್, ಮೂವತ್ಮೂರು ವ್ಯಾಟಿನ ಚಾರ್ಜರು, ಕೇಬಲ್ಲು ಒಂದು ಮೀಟರ್.

"ಡಾಕ್ಟರ್ ಚೀಟಿ ಬರದಂಗ ಬರದೀಯಲ್ಲ ಬೇಟಿ. ಪೇಶಂಟ್ ಎಲ್ಲಿ?"

"ಮುದ್ದೇಬಿಹಾಳದಾಗ ಐತ್ರಿ."

"ಪೇಶಂಟ್ ನೋಡಲಾರದ ಔಷಧ ಕೊಡು ಅಂದ್ರ ಹೆಂಗ ಕೊಡ್ಲಿ?"

ಹಾಗೆಂದರೂ ಮೂರು ಕೇಬಲ್ ತೆಗೆದು ಮುಂದಿಟ್ಟರು. ನಾನು ಎಲ್ಲಕ್ಕಿಂತ ದಪ್ಪನಾದದ್ದಕ್ಕೆ ಕೈಹಾಕಿದೆ. ಅವರು ನಕ್ಕರು. "ಹೊರಗಿನ ರಬ್ಬರ್ ನೋಡಿ ಮೋಸ ಹೋಗಬ್ಯಾಡ. ಒಳಗ ತಾಮ್ರ ಎಷ್ಟೈತಿ ಅನ್ನೂದು ಇದು ಹೇಳತೈತಿ." ಕರೆಂಟು ಅಳೆಯುವ, ಬೆರಳಷ್ಟು ಉದ್ದದ ಒಂದು ಮೀಟರನ್ನು ಚಾರ್ಜರಿಗೆ ಸಿಕ್ಕಿಸಿ, ಒಂದೊಂದೇ ಕೇಬಲ್ಲನ್ನು ತಮ್ಮ ಫೋನಿಗೆ ಹಚ್ಚಿ ತೋರಿಸಿದರು. ದಪ್ಪನೆಯದು ಅರ್ಧ ಆಂಪಿಯರ್ ಕೂಡ ದಾಟಲಿಲ್ಲ. ನೂಲಿನ ಹೊದಿಕೆಯದು ಒಂದಕ್ಕೆ ನಿಂತಿತು. ನಾನು ಕಣ್ಣೆತ್ತಿಯೂ ನೋಡದಿದ್ದ ತೆಳ್ಳಗಿನ ಬಿಳಿಯದು ಎರಡೂವರೆ ದಾಟಿತು. ಸಿ ಟೈಪ್ ಎಂಬುದು ಬಾಯಿಯ ಆಕಾರ ಮಾತ್ರ, ಹೊಟ್ಟೆಯೊಳಗೆ ಏನಿದೆ ಎಂದು ಅದು ಹೇಳುವುದಿಲ್ಲ ಎಂದು ಅಲ್ಲೇ ಬರೆದುಕೊಂಡೆ.

ಬಿಳಿಯದನ್ನು ಕಟ್ಟಿಕೊಡುತ್ತ ಚಾಚಾ ಕೇಳಿದರು: "ನೀ ಮೊದಲ ಕಳ್ಸಿದ್ದು ಫೋನಿನಾಗ ಕುಂದ್ರೂದಿಲ್ಲಂತೋ, ಇಲ್ಲಾ ಕುಂತ್ರೂ ಚಾರ್ಜ್ ಆಗೂದಿಲ್ಲಂತೋ?"

ನನಗೆ ಗೊತ್ತಿರಲಿಲ್ಲ. ಮೂರು ದಿನದಲ್ಲಿ ನಾನು ಆ ಪ್ರಶ್ನೆಯನ್ನೇ ಕೇಳಿರಲಿಲ್ಲ. ಅಲ್ಲಿಂದಲೇ ಅತ್ತೆಗೆ ಫೋನು ಹಚ್ಚಿದೆ.

"ಅತ್ತಿ, ವಾಯರ್ ಪೂರಾ ಒಳಗ ಹೊಕ್ಕೈತೇನ್ರಿ?"

"ಇಲ್ಲವ್ವ. ಒಂದು ಜೋಳದ ಕಾಳಿನಷ್ಟು ಹೊರಗ ನಿಂದ್ರತೈತಿ."

ಫೋನಿನ ದನಿ ಚಾಚಾಗೂ ಕೇಳಿಸಿತು. "ಹಂಗಾದ್ರ ಬಾಯಾಗ ಏನೋ ತುಂಬೈತಿ," ಎಂದರು. ನಾನು ಅದನ್ನೇ ಅತ್ತೆಗೆ ಹೇಳಿದೆ. ಅವರು, "ನೀ ಬರಾಕತ್ತೀಯಲ್ಲ, ಬಾ," ಎಂದು ಫೋನು ಇಟ್ಟುಬಿಟ್ಟರು.

ಹೊರಡುವಾಗ ಚಾಚಾ ಎಚ್ಚರಿಸಿದರು: "ಸೂಜಿ ಹಾಕಬ್ಯಾಡ್ರಿ ಮತ್ತ. ಒಳಗ ಸಣ್ಣ ನಾಲಿಗಿ ಇರತೈತಿ, ಮುರದ್ರ ನಾನೂ ಏನೂ ಮಾಡಾಕಾಗೂದಿಲ್ಲ. ಫೋನ್ ಬಂದ್ ಮಾಡಿ ಕಟ್ಟಿಗಿ ಕಡ್ಡಿಲೇ ಹಗೂರಕ ತಗೀರಿ."

ಮುದ್ದೇಬಿಹಾಳ, ೧೦.೫೫. ಅಕ್ಕ ಬಾಗಿಲಲ್ಲೇ ನಿಂತಿದ್ದಳು. ನಾನು ಚೀಲ ಇಳಿಸದೆ ಹೊಟ್ಟೆಯ ಮೇಲೆ ಕೈಯಾಡಿಸಿ ಹುಬ್ಬೇರಿಸಿದೆ: ಕೂಸು ಹೇಗಿದೆ? ಅವಳು ಕೈ ಹಿಡಿದು ಒಳಗೆಳೆದು ಗೋಡೆಯ ಕ್ಯಾಲೆಂಡರಿನ ಮುಂದೆ ನಿಲ್ಲಿಸಿದಳು. ಹಾಲಿನ ಲೆಕ್ಕ ಬರೆಯುವ ಚೌಕಗಳಲ್ಲಿ ಅವಳ ದುಂಡನೆಯ ಅಂಕಿಗಳು: ಸೋಮವಾರ ೨೯, ಮಂಗಳವಾರ ೨೪, ಬುಧವಾರ ೪೧. ಮೊದಲ ಎರಡು ಎಂದಿನಂತಿದ್ದವು, ಮೂರನೆಯದನ್ನು ಎರಡು ಸಲ ಓದಿದೆ. ಅದರ ಸುತ್ತ ಅವಳೇ ಕೆಂಪು ಗೆರೆ ಎಳೆದಿದ್ದಳು.

ನಿನ್ನೆ ಇದನ್ನು ಅತ್ತೆಗೆ ಹೇಳಲು ಪ್ರಯತ್ನಿಸಿದೆ ಎಂದು ಅವಳು ಕೈಯಲ್ಲಿ ಹೇಳಿದಳು. ಮಣಿಕಟ್ಟು ತಟ್ಟಿ, ಬೆರಳೆಣಿಸಿ, ಹೊಟ್ಟೆ ತೋರಿಸಿದಳಂತೆ. ಅತ್ತೆ ಗಡಿಯಾರ ನೋಡಿ, ಹೊತ್ತಾಯಿತು, ಹಸಿವಾಗಿದೆ ಎಂದು ತಿಳಿದು ಇನ್ನೊಂದು ರೊಟ್ಟಿ ಬಡಿಸಿದರಂತೆ. ಹೇಳುವಾಗ ಅವಳು ನಗಲಿಲ್ಲ. ಆ ರೊಟ್ಟಿಯನ್ನು ತಿಂದೆ, ಬೇರೇನು ಮಾಡಲಿ ಎಂದು ಭುಜ ಕುಣಿಸಿದಳು.

ನಾನು ಕೂಡಲೇ ನನ್ನ ಫೋನಿನಿಂದ ಡಾಕ್ಟರ ದವಾಖಾನೆಗೆ ಮಾಡಿದೆ. ನರ್ಸಮ್ಮ ಅಂಕಿಗಳನ್ನೆಲ್ಲ ಕೇಳಿ ಹೇಳಿದರು: "ಎರಡು ತಾಸಿನೊಳಗ ಹತ್ತಾದ್ರ ಗಾಬರಿ ಇಲ್ರಿ. ಇವತ್ತ ಉಂಡ ಮ್ಯಾಲ ಮತ್ತ ಎಣಸ್ರಿ. ಕಡಿಮಿ ಅನಸಿದ್ರ ಹಾದಿ ನೋಡಬ್ಯಾಡ್ರಿ, ಕರ್ಕೊಂಡು ಬಂದಬಿಡ್ರಿ." ಅಕ್ಕ ನನ್ನ ತುಟಿಯನ್ನೇ ನೋಡುತ್ತಿದ್ದಳು. ಕೈಯಲ್ಲಿ ಎಲ್ಲ ಹೇಳಿದೆ. ಮೂರು ದಿನದ ಮೇಲೆ ಮೊದಲ ಸಲ ಅವಳಿಗೊಂದು ಉತ್ತರ ಸಿಕ್ಕಿತ್ತು.

ಆಮೇಲೆ ಫೋನು ಕೈಗೆತ್ತಿಕೊಂಡೆ. ಚಾರ್ಜಿಂಗ್ ಬಾಯೊಳಗೆ ಟಾರ್ಚ್ ಬಿಟ್ಟರೆ ಕಪ್ಪಾಗಿರಬೇಕಾದ ಜಾಗ ಬೆಳ್ಳಗೆ ಗಟ್ಟಿಯಾಗಿತ್ತು. ಸುಣ್ಣವೇ ಎಂದುಕೊಂಡೆ. ಹಲ್ಲಿಗೆ ಚುಚ್ಚುವ ಕಡ್ಡಿಯಿಂದ ಒಂದು ಚೂರು ಎಬ್ಬಿಸಿ ಮೂಗಿನ ಬಳಿ ಹಿಡಿದೆ. ಜೋಳದ ಹಿಟ್ಟಿನ ವಾಸನೆ.

"ಅತ್ತಿ, ಇದರಾಗ ಹಿಟ್ಟು ಹೆಂಗ ಹೊಕ್ಕಿತ್ರಿ?"

ಅತ್ತೆ ಒಲೆಯ ಕಡೆಗೇ ಮುಖಮಾಡಿ ಹೇಳಿದರು. "ಭಾನುವಾರ ಸಂಜಿಮುಂದ ಬಕೀಟಿನಾಗ ಬಿತ್ತು. ಫೋನು ತೊಯ್ದ್ರ ಅಕ್ಕಿಯಾಗ ಇಡಬೇಕು, ನೀರು ಹೀರತೈತಿ ಅಂತ ಬಸ್ಸಿನಾಗ ಒಬ್ಬಾಕಿ ಅಂದಿದ್ಲು. ನಮ್ಮ ಮನ್ಯಾಗ ಅಕ್ಕಿ ಮುಗದಿತ್ತು."

"ಅದಕ್ಕ ಹಿಟ್ಟಿನ ಡಬ್ಬ್ಯಾಗ ಇಟ್ರಿ?"

"ಇಡಿ ಕಾಳಿಗಿಂತ ಹಿಟ್ಟು ಜಾಸ್ತಿ ಹೀರತೈತಿಲ್ಲೋ? ರೊಟ್ಟಿಗೆ ಎಷ್ಟು ನೀರು ಕುಡೀತೈತಿ ನೋಡೀಯಿಲ್ಲ?"

ನೀರು ಹೀರಿತ್ತು, ನಿಜ. ಫೋನು ಉಳಿದಿತ್ತು. ಹಿಟ್ಟು ಮಾತ್ರ ಆ ಬಾಯಲ್ಲಿ ನಾದಿಕೊಂಡು ಒಣಗಿ ಕೂತಿತ್ತು.

"ಮೊದಲ ಹೇಳಬಾರದೇನ್ರಿ?"

"ಸೊಸಿ ಫೋನು ನಾ ಕೆಡಿಸಿದೆ ಅಂತ ಬೀಗರಿಗೆ ಹೆಂಗ ಹೇಳ್ಲಿ? ವಾಯರ್ ಬದಲಿ ಆದ್ರ ಸರಿಹೋದೀತು ಅಂತ ಸುಮ್ನ ಕುಂತೆ."

ಈ ಮಾತನ್ನು ಅಕ್ಕನಿಗೆ ಕೈಯಲ್ಲಿ ಹೇಳಿದೆ. ಫೋನು ಡಬ್ಬಿಗೆ ಹೋದದ್ದು ಅವಳಿಗೂ ಗೊತ್ತಿರಲಿಲ್ಲ, ಆಗ ಅವಳು ಮಲಗಿದ್ದಳು. ಅವಳು ಅತ್ತೆಯನ್ನು ನೋಡಿದಳು, ಫೋನನ್ನು ನೋಡಿದಳು. ಎರಡು ಅಂಗೈ ಸೇರಿಸಿ ರೊಟ್ಟಿ ಬಡಿಯುವಂತೆ ತಟ್ಟಿ, ಆ ರೊಟ್ಟಿಯನ್ನು ಮುಖದ ಮುಂದೆ ಹಿಡಿದು ವಿಡಿಯೊ ಕಾಲು ಮಾಡುವಂತೆ ತಲೆಯಾಡಿಸಿದಳು. ಅತ್ತೆಗೆ ಆ ಕೈಮಾತು ಯಾರೂ ಬಿಡಿಸಿ ಹೇಳದೆಯೇ ತಿಳಿಯಿತು. ಸೆರಗು ಬಾಯಿಗೊತ್ತಿ ನಕ್ಕರು.

ಫೋನು ಆಫ್ ಆಗೇ ಇತ್ತು. ೧೧.೫೦ರಿಂದ ೧೨.೨೫ರವರೆಗೆ, ಮೂರು ಕಡ್ಡಿ ಮುರಿದು, ಪುಡಿಪುಡಿಯಾಗಿ ಹಿಟ್ಟು ತೆಗೆದೆ. ಗೋರಿದ್ದಕ್ಕಿಂತ ಬೋರಲು ಹಿಡಿದು ತಟ್ಟಿದ್ದರಿಂದ ಉದುರಿದ್ದೇ ಹೆಚ್ಚು. ಬಿಳಿ ಕೇಬಲ್ಲನ್ನು ಒತ್ತಿದೆ. ಟಕ್ಕೆಂದು ಕೂತಿತು, ಹೊರಗೆ ಏನೂ ಉಳಿಯಲಿಲ್ಲ. ಎರಡು ನಿಮಿಷ ಏನೂ ಕಾಣಲಿಲ್ಲ, ಆಮೇಲೆ ಬ್ಯಾಟರಿಯ ಚಿತ್ರ ಮೂಡಿತು. ಕುತೂಹಲಕ್ಕೆ ಮಂಗಳವಾರದ ನನ್ನ ಕೇಬಲ್ಲನ್ನೂ ಹಾಕಿ ನೋಡಿದೆ. ಅದೂ ಹತ್ತಿತು, ಆದರೆ ನಿಧಾನ: ಹತ್ತು ನಿಮಿಷಕ್ಕೆ ಎರಡು ಶೇಕಡ. ಬಿಳಿಯದು ಹತ್ತು ನಿಮಿಷಕ್ಕೆ ಒಂಬತ್ತು. ಅವ್ವ ಕಳಿಸಿದ ಸಣ್ಣ ಪಿನ್ನಿನದನ್ನು ಪಕ್ಕದ ಮನೆಯವರ ಹಳೆಯ ಫೋನಿಗೆ ಕೊಟ್ಟೆವು.

ಊಟವಾದ ಮೇಲೆ ಅಕ್ಕ ಎಡಮಗ್ಗುಲಿಗೆ ಮಲಗಿದಳು. ನಾನು ಪಕ್ಕದಲ್ಲಿ ಪುಸ್ತಕ ಹಿಡಿದು ಕೂತೆ, ೧.೪೮. ಅವಳು ಒಂದೊಂದು ಬೆರಳು ಎತ್ತಿದಂತೆ ನಾನೊಂದು ಗೆರೆ ಹಾಕಿದೆ. ಮೊದಲ ಮೂರು ಬೇಗ ಬಂದವು. ಆಮೇಲೆ ಏಳು ನಿಮಿಷ ಒಂದೂ ಇಲ್ಲ. ಅತ್ತೆ ಬಾಗಿಲಲ್ಲಿ ನಿಂತಿದ್ದರು, ಒಳಗೂ ಬರಲಿಲ್ಲ, ಹೊರಗೂ ಹೋಗಲಿಲ್ಲ. ಅಕ್ಕ ನನ್ನ ಕೈ ಎಳೆದು ಹೊಟ್ಟೆಯ ಮೇಲಿಟ್ಟುಕೊಂಡಳು. ನಾಲ್ಕನೆಯದು ನನ್ನ ಅಂಗೈಗೇ ಬಡಿಯಿತು. ಹತ್ತನೆಯದು ೨.೧೧ಕ್ಕೆ.

ಇಪ್ಪತ್ಮೂರು ನಿಮಿಷ.

ಎರಡೂವರೆಗೆ ಅವಳು ತನ್ನ ಫೋನಿನಿಂದಲೇ ಅವ್ವನಿಗೆ ಮಾಡಿದಳು. ಅವ್ವ ಕಾಣಿಸಿಕೊಂಡ ಕೂಡಲೇ ಮಗಳ ಮುಖವನ್ನೇ ನೋಡುತ್ತ ಕೂತಳು. ಅಕ್ಕ ಎರಡು ಬೆರಳು ತೋರಿಸಿ, ಆಮೇಲೆ ಮೂರು ತೋರಿಸಿದಳು. ಅವ್ವ ತಿರುಗಿ ಅವೇ ಬೆರಳು ತೋರಿಸಿ ಖಾತ್ರಿ ಮಾಡಿಕೊಂಡಳು. ಇಬ್ಬರ ಕೈಗಳೂ ಎಡೆಬಿಡದೆ ಓಡಾಡತೊಡಗಿದವು. ನನ್ನನ್ನು ಇಬ್ಬರೂ ಮರೆತರು. ನಾನು ಗೋಡೆಗೊರಗಿ, ಖಾಲಿಯಿದ್ದ ಮೂರು ಸಾಲುಗಳಿಗೆ ಕ್ಯಾಲೆಂಡರಿನ ಅಂಕಿ ತುಂಬಿ, ನಾಲ್ಕನೆಯದನ್ನು ಬರೆದೆ. ತಲೆಯ ಭಾರ ಅಷ್ಟು ಹೊತ್ತಿಗೆ ಇಳಿದಿತ್ತು, ಅಲ್ಲೇ ನಿದ್ದೆ ಬಂತು.

ಎರಡು ಸಂಗತಿ ನನಗೆ ಇನ್ನೂ ಗೊತ್ತಿಲ್ಲ. ಬಾಯಲ್ಲಿ ಉಳಿದಿರಬಹುದಾದ ಹಿಟ್ಟಿನ ಕಣ ಮುಂದೆ ತೇವ ಹಿಡಿದು ಕೆಡುಕು ಮಾಡೀತೇ, ಅದನ್ನು ಪೂರ್ತಿ ತೆಗೆಯಲು ಇದಕ್ಕಿಂತ ಒಳ್ಳೆಯ ದಾರಿ ಇದೆಯೇ? ಮತ್ತು, ವಿಡಿಯೊ ಇಲ್ಲದ ದಿನ, ಬಟನ್ ಫೋನೊಂದೇ ಇರುವ ಮನೆಯಿಂದ ಕಿವಿ ಕೇಳದ ಹೆಣ್ಣುಮಗಳು ತನ್ನ ನಲವತ್ತೊಂದು ನಿಮಿಷವನ್ನು ಯಾರಿಗಾದರೂ ತಿಳಿಸುವುದು ಹೇಗೆ? ಇಂಥ ಮನೆಯಲ್ಲಿ ಬಾಳಿದವರು, ಉಪಾಯ ಕಂಡವರು ಇದ್ದರೆ ದಯವಿಟ್ಟು ನಾಲ್ಕು ಸಾಲು ಬರೆಯಿರಿ. ಅಕ್ಕನಿಗೆ ಓದಿಸುತ್ತೇನೆ.